ಆಕಾಗಿ: ಒಂದು ಹಡಗು, ಎರಡು ಮಾದರಿಗಳು

ಬಾಲಕರ ಆಟಿಕೆಗಳೆಂದು ನಾವು ಬದಿಗೆ ಸರಿಸುವ ವಸ್ತುಗಳಲ್ಲಿ ಕೆಲವು ಇತಿಹಾಸದ ಪಾಠಗಳೂ ಆಗಿರುತ್ತವೆ. ಪ್ಲಾಸ್ಟಿಕ್ಕಿನ ಬಿಡಿಭಾಗಗಳನ್ನು ಅಂಟಿನಿಂದ ಕೂಡಿಸಿ ಮಾಡುವ ಹಡಗಿನ ಮಾದರಿ ಅಂಥದೊಂದು. ಜಪಾನಿನ ‘ಆಕಾಗಿ’ ಎಂಬ ವಿಮಾನವಾಹಕ ನೌಕೆಯ ಮಾದರಿಯನ್ನು ನಿದರ್ಶನವಾಗಿಟ್ಟುಕೊಂಡು ಈ ಮಾತನ್ನು ಪರಿಶೀಲಿಸೋಣ.

ಮೊದಲನೆಯದು ಪ್ರಮಾಣದ ವಿಚಾರ. ಆಕಾಗಿಯ ಉದ್ದ ಸುಮಾರು ೨೬೦ ಮೀಟರು. ಇದನ್ನು ೭೦೦ರಲ್ಲಿ ಒಂದು ಪಾಲಿಗೆ ಇಳಿಸಿದರೆ ೩೭ ಸೆಂಟಿಮೀಟರು. ಮೇಜಿನ ಮೇಲೆ ಸುಲಭವಾಗಿ ನಿಲ್ಲುತ್ತದೆ. ಆದರೆ ಉದ್ದ ೭೦೦ ಪಾಲು ಕುಗ್ಗಿದಾಗ ವಿಸ್ತೀರ್ಣ ೪,೯೦,೦೦೦ ಪಾಲೂ, ಗಾತ್ರ ೩೪ ಕೋಟಿ ೩೦ ಲಕ್ಷ ಪಾಲೂ ಕುಗ್ಗುತ್ತವೆ. ೩೬,೫೦೦ ಟನ್ನಿನ ಹಡಗು ಈ ಲೆಕ್ಕದಲ್ಲಿ ನೂರು ಗ್ರಾಮಿಗೆ ತುಸು ಮೇಲಾಗುತ್ತದೆ, ಅಷ್ಟೆ. ದಪ್ಪದ ವಿಷಯದಲ್ಲಿ ಮಾದರಿಯು ಪ್ರಮಾಣಕ್ಕೆ ನಿಷ್ಠವಾಗಿರಲಾರದು. ಒಂದು ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ಗೋಡೆ ನಿಜವಾದ ಹಡಗಿನಲ್ಲಿ ೭೦ ಸೆಂಟಿಮೀಟರಿನ ಗೋಡೆಯಾದೀತು! ಆದುದರಿಂದಲೇ ಕೈಪಿಡಿಕಂಬಿ, ಏಣಿ ಮುಂತಾದ ಸೂಕ್ಷ್ಮಭಾಗಗಳಿಗೆ ಆಮ್ಲದಿಂದ ಕೊರೆದ ತೆಳು ಹಿತ್ತಾಳೆಯ ತಗಡನ್ನು ಬಳಸುವುದುಂಟು.

ಎರಡನೆಯ ಪ್ರಶ್ನೆ ಇನ್ನೂ ಮುಖ್ಯವಾದುದು: ನಾವು ಕಟ್ಟುತ್ತಿರುವುದು ಯಾವ ವರ್ಷದ ಆಕಾಗಿ?

ಈ ಹಡಗು ಹುಟ್ಟಿದ್ದು ವಿಮಾನಗಳಿಗಾಗಿ ಅಲ್ಲ. ೧೯೨೦ರಲ್ಲಿ ಕುರೆ ಬಂದರಿನಲ್ಲಿ ಇದರ ಕೆಲಸ ಮೊದಲಾದಾಗ ಇದೊಂದು ಭಾರೀ ಫಿರಂಗಿಗಳ ಸಮರನೌಕೆಯಾಗಬೇಕಿತ್ತು. ಹೆಸರೇ ಇದಕ್ಕೆ ಸಾಕ್ಷಿ. ಆಕಾಗಿ ಎಂಬುದು ಒಂದು ಪರ್ವತದ ಹೆಸರು, ಅಂಥ ಸಮರನೌಕೆಗಳಿಗೆ ಪರ್ವತಗಳ ಹೆಸರಿಡುವುದು ಜಪಾನೀಯರ ರೂಢಿ. ೧೯೨೨ರ ವಾಷಿಂಗ್ಟನ್ ಒಪ್ಪಂದವು ದೊಡ್ಡ ಸಮರನೌಕೆಗಳಿಗೆ ಮಿತಿ ಹಾಕಿತು. ಅರ್ಧಕ್ಕೆ ನಿಂತ ಒಡಲನ್ನು ವಿಮಾನವಾಹಕವಾಗಿ ಮಾರ್ಪಡಿಸಲಾಯಿತು. ೧೯೨೭ರಲ್ಲಿ ಸೇವೆಗೆ ಸೇರಿದಾಗ ಅದಕ್ಕೆ ಮೆಟ್ಟಿಲುಗಳಂತೆ ಒಂದರ ಮೇಲೊಂದು ಮೂರು ಹಾರುಗಟ್ಟೆಗಳಿದ್ದವು. ವಿಮಾನಗಳು ದೊಡ್ಡವೂ ಭಾರವೂ ಆದಂತೆ ಕೆಳಗಿನ ಗಿಡ್ಡ ಕಟ್ಟೆಗಳು ನಿರುಪಯುಕ್ತವಾದವು. ೧೯೩೫ರಿಂದ ೧೯೩೮ರ ವರೆಗೆ ನಡೆದ ಪುನರ್ನಿರ್ಮಾಣದಲ್ಲಿ ಅವನ್ನು ತೆಗೆದು, ಸುಮಾರು ೧೯೦ ಮೀಟರಿದ್ದ ಮೇಲಿನ ಕಟ್ಟೆಯನ್ನು ೨೪೯ ಮೀಟರಿಗೆ ಬೆಳೆಸಿದರು. ಬಲಬದಿಯಲ್ಲಿ ಕೆಳಕ್ಕೆ ಬಾಗಿದ ದೊಡ್ಡ ಹೊಗೆಕೊಳವೆ, ಎಡಬದಿಯಲ್ಲಿ ಸಣ್ಣ ನಿಯಂತ್ರಣ ಗೋಪುರ: ಇದು ಎರಡನೆಯ ಆಕಾಗಿಯ ಗುರುತು.

ಎರಡು ರೂಪಗಳಿಗೂ ಮಾದರಿಗಳು ಸಿಗುತ್ತವೆ. ಮೂರು ಕಟ್ಟೆಗಳ ಆಕಾಗಿಯ ಮೇಲೆ ‘ಝೀರೋ’ ವಿಮಾನಗಳನ್ನು ನಿಲ್ಲಿಸಿದರೆ ನೋಡಲು ಚೆಂದವಿದ್ದೀತು, ಆದರೆ ಅದು ಎಂದೂ ನಡೆಯದ ಸಂಗತಿ; ಝೀರೋ ಬಳಕೆಗೆ ಬಂದದ್ದು ೧೯೪೦ರಲ್ಲಿ. ಪ್ರತಿಯೊಂದು ಭಾಗವೂ ಸರಿಯಾಗಿದ್ದು, ಕಾಲ ತಪ್ಪಿದರೆ ಇಡಿಯ ಚಿತ್ರವೇ ಸುಳ್ಳಾಗುತ್ತದೆ. ಇತಿಹಾಸದ ವಿದ್ಯಾರ್ಥಿಗಳಾದ ನಾವು ಪ್ರಬಂಧಗಳಲ್ಲಿಯೂ ನೆನಪಿಡತಕ್ಕ ಮಾತಿದು.

ಇನ್ನು ಮಾದರಿಯು ಹೇಳದೆ ಉಳಿಸುವ ಅಂಶವೊಂದಿದೆ. ೧೯೪೧ರ ಡಿಸೆಂಬರಿನಲ್ಲಿ ಪರ್ಲ್ ಹಾರ್ಬರಿನ ಮೇಲೆ ಎರಗಿದ ನೌಕಾಪಡೆಗೆ ಆಕಾಗಿಯೇ ಮುಖ್ಯನೌಕೆ. ಅಲ್ಲಿ ೨,೪೦೦ಕ್ಕೂ ಹೆಚ್ಚು ಅಮೆರಿಕನ್ನರು ಸತ್ತರು. ೧೯೪೨ರ ಜೂನ್ ೪ರಂದು ಮಿಡ್‌ವೇ ಕದನದಲ್ಲಿ ಒಂದೇ ಒಂದು ಬಾಂಬು ಅದರ ವಿಮಾನಕೋಠಿಯಲ್ಲಿ ಸಿಡಿಯಿತು. ಅಲ್ಲಿದ್ದ ವಿಮಾನಗಳು ಇಂಧನ ಮದ್ದುಗುಂಡುಗಳಿಂದ ಸಜ್ಜಾಗಿದ್ದುದರಿಂದ ಬೆಂಕಿ ಹತೋಟಿಗೆ ಬರಲಿಲ್ಲ. ಮರುದಿನ ಬೆಳಗಿನ ಜಾವ ಜಪಾನೀ ನೌಕೆಗಳೇ ಅದನ್ನು ಟಾರ್ಪಿಡೊಗಳಿಂದ ಮುಳುಗಿಸಬೇಕಾಯಿತು. ಆಕಾಗಿಯವರು ೨೬೭ ಮಂದಿ ಮಡಿದರು. ಅವಶೇಷ ಪತ್ತೆಯಾದದ್ದು ೨೦೧೯ರಲ್ಲಿ, ಐದು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ.

೭೦೦ರಲ್ಲಿ ಒಂದು ಪಾಲಿಗೆ ಮನುಷ್ಯನ ಎತ್ತರ ಎರಡೂವರೆ ಮಿಲಿಮೀಟರಿಗೂ ಕಡಿಮೆ. ಮಾದರಿಯ ಕಟ್ಟೆ ಬರಿದಾಗಿ, ಚೊಕ್ಕಟವಾಗಿ ಕಾಣುವುದು ಇದರಿಂದಲೇ. ಪ್ರಮಾಣದ ಲೆಕ್ಕದಲ್ಲಿ ಯಂತ್ರ ಉಳಿಯುತ್ತದೆ, ಮನುಷ್ಯ ಮರೆಯಾಗುತ್ತಾನೆ. ಹಡಗಿನ ಕೌಶಲ್ಯವನ್ನು ಮೆಚ್ಚುವುದು ತಪ್ಪಲ್ಲ. ಆ ಮೆಚ್ಚುಗೆಯ ಪಕ್ಕದಲ್ಲಿ ಎರಡೂ ಕಡೆ ಸತ್ತವರ ಲೆಕ್ಕವನ್ನೂ ಇಟ್ಟವನೇ ಮಾದರಿಯನ್ನು ಪೂರ್ತಿಮಾಡಿದಂತೆ.