ಗಣಕಯಂತ್ರದ ಕಾವಲುಗಾರರು

ಬೆಂಗಳೂರಿನ ದಕ್ಷಿಣಕ್ಕೆ, ಹೊಸೂರು ರಸ್ತೆಯ ಬಳಿಯಲ್ಲಿರುವ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರು ಒಂದು ಕಾಲಕ್ಕೆ ಬೇಸಾಯದ ಹಳ್ಳಿಗಳಾಗಿದ್ದವು. 1970ರ ದಶಕದ ಕೊನೆಯಲ್ಲಿ ರಾಜ್ಯ ಸರ್ಕಾರದ ಕಿಯೋನಿಕ್ಸ್ ಸಂಸ್ಥೆಯು ಅಲ್ಲಿ ಮುನ್ನೂರಕ್ಕೂ ಹೆಚ್ಚು ಎಕರೆ ಭೂಮಿಯನ್ನು ಪಡೆದು, ಎಲೆಕ್ಟ್ರಾನಿಕ್ ಉದ್ಯಮಗಳಿಗೆಂದೇ ಒಂದು ನಗರವನ್ನು ರೂಪಿಸಿತು. ಸಂಸ್ಥೆಯ ಮುಖ್ಯಸ್ಥರಾಗಿದ್ದ ಆರ್. ಕೆ. ಬಾಳಿಗರು ಕಂಡ ಕನಸು ಅದು. 1985ರಲ್ಲಿ ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯು ಬೆಂಗಳೂರಿನಲ್ಲಿ ತನ್ನ ಕೇಂದ್ರವನ್ನು ತೆರೆದು, ಇಲ್ಲಿ ಮಾಡಿದ ಕೆಲಸವನ್ನು ಉಪಗ್ರಹದ ಮೂಲಕ ಸಾಗರದಾಚೆಗೆ ಕಳುಹಿಸತೊಡಗಿತು. ಮುಂದೆ ಅದೇ ದಾರಿಯಲ್ಲಿ ನೂರಾರು ಸಂಸ್ಥೆಗಳು ಬಂದವು. ಇಂದು ಮಾಹಿತಿ ತಂತ್ರಜ್ಞಾನವೆಂದರೆ ಬೆಂಗಳೂರು ಎನ್ನುವಷ್ಟರ ಮಟ್ಟಿಗೆ ಆ ಉದ್ಯಮ ಬೆಳೆದು ನಿಂತಿದೆ.

ಈ ಉದ್ಯಮದ ಮಾತು ಬಂದಾಗ ಜನರ ಕಣ್ಣ ಮುಂದೆ ನಿಲ್ಲುವವರು ಹೊಸ ಹೊಸ ತಂತ್ರಾಂಶಗಳನ್ನು ಬರೆಯುವವರು. ಬರೆದುದನ್ನು ಹಗಲಿರುಳು ನಡೆಸಿಕೊಂಡು ಹೋಗುವ ಇನ್ನೊಂದು ವರ್ಗವಿದೆ. ಅದನ್ನು ಬಲ್ಲವರು ಕಡಿಮೆ. ಹಳೆಯ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಕೆರೆಯ ತೂಬನ್ನು ನೋಡಿಕೊಳ್ಳಲು ನೀರುಗಂಟಿ ಇರುತ್ತಿದ್ದನು. ಗದ್ದೆಗೆ ನೀರು ಹರಿಯುತ್ತಿರುವಷ್ಟು ದಿನ ಅವನನ್ನು ಯಾರೂ ನೆನೆಯುತ್ತಿರಲಿಲ್ಲ. ಒಂದು ದಿನ ನೀರು ನಿಂತರೆ ಊರೆಲ್ಲ ಅವನ ಮನೆಯ ಮುಂದೆ ನೆರೆಯುತ್ತಿತ್ತು. ಗಣಕಯಂತ್ರಗಳ ಜಾಲವನ್ನು ಕಾಯುವವರ ಪಾಡೂ ಅದೇ.

ಇವರ ದಿನಚರಿ ಹೊರಗಿನಿಂದ ನೋಡಿದರೆ ಸಪ್ಪೆಯಾದುದು. ಬೆಳಿಗ್ಗೆ ಕಚೇರಿಗೆ ಬಂದೊಡನೆ, ಹಿಂದಿನ ರಾತ್ರಿ ಕಡತಗಳ ನಕಲು ಸರಿಯಾಗಿ ಆಗಿದೆಯೇ ಎಂದು ನೋಡಬೇಕು. ಆಮೇಲೆ ಟಿಕೆಟುಗಳ ಸರದಿ. ಇದು ಬಸ್ಸಿನ ಟಿಕೆಟಲ್ಲ. ಕಚೇರಿಯ ಯಾರಾದರೊಬ್ಬರು ಬರೆದು ಕಳುಹಿಸಿದ ದೂರಿಗೆ ಈ ಹೆಸರು. ಒಬ್ಬರು ಗುಪ್ತಪದವನ್ನು ಮರೆತಿರುತ್ತಾರೆ, ಇನ್ನೊಬ್ಬರ ಮುದ್ರಣ ಯಂತ್ರ ಕಾಗದವನ್ನು ನುಂಗಿರುತ್ತದೆ. ಪ್ರತಿಯೊಂದು ದೂರಿಗೂ ಇಷ್ಟು ಗಂಟೆಯೊಳಗೆ ಪರಿಹಾರ ದೊರೆಯಬೇಕೆಂಬ ಗಡುವುಂಟು. ಯಂತ್ರವನ್ನು ಒಮ್ಮೆ ಆರಿಸಿ ಮತ್ತೆ ಚಾಲೂ ಮಾಡಿ ಎಂದು ಇವರು ಹೇಳುವುದು ಎಲ್ಲರ ನಗೆಗೂ ವಸ್ತುವಾಗಿದೆ. ಆದರೆ ಅದರಲ್ಲಿ ಅರ್ಥವಿಲ್ಲದೆ ಇಲ್ಲ. ಬಹಳ ಹೊತ್ತು ನಡೆದ ಯಂತ್ರದ ಸ್ಮೃತಿಯಲ್ಲಿ ಬೇಡದ ಸಂಗತಿಗಳು ಸೇರಿ ತೊಡಕಾಗಿರುತ್ತವೆ. ಆರಿಸಿ ಹಚ್ಚಿದಾಗ ಆ ಸ್ಮೃತಿ ಬರಿದಾಗಿ, ಯಂತ್ರವು ಗೊತ್ತಾದ ಮೊದಲ ಸ್ಥಿತಿಯಿಂದ ಮತ್ತೆ ಹೊರಡುತ್ತದೆ.

ದೊಡ್ಡ ಕೆಲಸಗಳಿಗೆ ಹಗಲು ಒದಗುವುದಿಲ್ಲ. ಬ್ಯಾಂಕಿನ ಯಂತ್ರವನ್ನು ಜನರು ಹಣ ತೆಗೆಯುವ ಹೊತ್ತಿನಲ್ಲಿ ಬಿಚ್ಚಲಾಗದು. ಆದುದರಿಂದ ದುರಸ್ತಿಯೂ ಬದಲಾವಣೆಯೂ ಭಾನುವಾರದ ನಡುರಾತ್ರಿಗೆ ಅಥವಾ ಹಬ್ಬದ ರಜೆಗೆ ಬೀಳುತ್ತವೆ. ಲೋಕಕ್ಕೆ ಬಿಡುವಾದಾಗ ಇವರಿಗೆ ದುಡಿಮೆ. ಇದರ ಮೇಲೆ ಪರದೇಶದ ಗಡಿಯಾರದ ಹಂಗು ಬೇರೆ. ನ್ಯೂಯಾರ್ಕಿನಲ್ಲಿ ಬೆಳಿಗ್ಗೆ 9 ಗಂಟೆಗೆ ಸಭೆಯೆಂದರೆ, ಚಳಿಗಾಲದಲ್ಲಿ ಅದು ಬೆಂಗಳೂರಿನ ಸಂಜೆ ಏಳೂವರೆ. ಮಾರ್ಚ್ ತಿಂಗಳ ಎರಡನೆಯ ಭಾನುವಾರ ಅಮೆರಿಕದವರು ತಮ್ಮ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ. ಅಂದಿನಿಂದ ಅದೇ ಸಭೆ ಆರೂವರೆಗೆ ಬರುತ್ತದೆ. ಸಾವಿರಾರು ಮೈಲಿಗಳಾಚೆಯ ಬೇಸಗೆಯು ಬೆಂಗಳೂರಿನ ಒಂದು ಮನೆಗೆ ಸಂಜೆಯ ಒಂದು ಗಂಟೆಯನ್ನು ಹಿಂದಿರುಗಿಸುವುದು ವಿಚಿತ್ರವೇ ಸರಿ. ಮಕ್ಕಳೊಡನೆ ಕುಳಿತು ಉಣ್ಣಲು ಆ ಒಂದು ಗಂಟೆ ಸಾಕಾಗುತ್ತದೆ. ನವೆಂಬರಿನಲ್ಲಿ ಅದು ಮತ್ತೆ ಕೈಬಿಟ್ಟುಹೋಗುತ್ತದೆ.

ಈ ಕಾವಲುಗಾರರ ಬೆಲೆ ಲೋಕಕ್ಕೆ ತಿಳಿದ ದಿನ 2024ರ ಜುಲೈ 19, ಶುಕ್ರವಾರ. ಕ್ರೌಡ್‌ಸ್ಟ್ರೈಕ್ ಎಂಬ ಅಮೆರಿಕದ ಸಂಸ್ಥೆ ಗಣಕಯಂತ್ರಗಳನ್ನು ಕಳ್ಳರಿಂದ ಕಾಯುವ ತಂತ್ರಾಂಶವನ್ನು ಒದಗಿಸುತ್ತದೆ. ಅದು ಕಳುಹಿಸಿದ ಹೊಸ ಕಡತವೊಂದರಲ್ಲಿ ದೋಷವಿತ್ತು. ಭಾರತದ ಕಾಲಮಾನದಂತೆ ಬೆಳಿಗ್ಗೆ 9 ಗಂಟೆ 39 ನಿಮಿಷಕ್ಕೆ ಹೊರಟ ಆ ಕಡತವನ್ನು 78 ನಿಮಿಷಗಳಲ್ಲೇ ಹಿಂದೆಗೆದುಕೊಂಡರು. ಅಷ್ಟರಲ್ಲಿ ಆಗಬಾರದುದು ಆಗಿಹೋಗಿತ್ತು. ಸುಮಾರು 85 ಲಕ್ಷ ಯಂತ್ರಗಳ ತೆರೆಗಳು ನೀಲಿಯಾಗಿ ನಿಂತವೆಂದು ಮೈಕ್ರೋಸಾಫ್ಟ್ ಸಂಸ್ಥೆ ಅಂದಾಜು ಮಾಡಿತು. ಹಲವು ದೇಶಗಳಲ್ಲಿ ಆಸ್ಪತ್ರೆ, ಬ್ಯಾಂಕುಗಳ ಕೆಲಸ ತಡವರಿಸಿತು. ಸಾವಿರಾರು ವಿಮಾನಗಳ ಹಾರಾಟ ರದ್ದಾಯಿತು. ಭಾರತದ ಕೆಲವು ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರಿಗೆ ಕೈಬರಹದ ಪ್ರವೇಶಪತ್ರಗಳನ್ನು ಕೊಟ್ಟರು. ಕೆಟ್ಟ ಯಂತ್ರಗಳಲ್ಲಿ ಬಹುಪಾಲನ್ನು ದೂರದಿಂದ ಸರಿಪಡಿಸುವಂತಿರಲಿಲ್ಲ, ಏಕೆಂದರೆ ಅವು ಎದ್ದು ನಿಲ್ಲುವ ಮೊದಲೇ ಮತ್ತೆ ಕುಸಿಯುತ್ತಿದ್ದವು. ಒಂದೊಂದರ ಮುಂದೆಯೂ ಒಬ್ಬ ಮನುಷ್ಯ ಕುಳಿತು, ಅದನ್ನು ವಿಶೇಷ ರೀತಿಯಲ್ಲಿ ಎಚ್ಚರಿಸಿ, ಆ ಕಡತವನ್ನು ಅಳಿಸಬೇಕಾಗಿತ್ತು. ಬೀಗಮುದ್ರೆ ಹಾಕಿದ ಯಂತ್ರಗಳಿಗೆ ತಲಾ 48 ಅಂಕಿಗಳ ಕೀಲಿಸಂಖ್ಯೆಯನ್ನು ಕೈಯಿಂದಲೇ ಒತ್ತಬೇಕಾಗಿತ್ತು. ಒಂದು ಅಂಕಿ ತಪ್ಪಿದರೂ ಬಾಗಿಲು ತೆರೆಯದು. ಯಂತ್ರಗಳೇ ಎಲ್ಲವನ್ನೂ ಮಾಡುವ ಕಾಲ ಬಂದಿತೆಂದು ನಂಬಿದ್ದ ಲೋಕವನ್ನು ಆ ಶುಕ್ರವಾರವೂ ಮುಂದಿನ ದಿನಗಳಲ್ಲಿಯೂ ಮತ್ತೆ ನಡೆಯುವಂತೆ ಮಾಡಿದುದು ನಿದ್ದೆಗೆಟ್ಟ ಮನುಷ್ಯರ ಬೆರಳುಗಳು.

ಇಂಥ ದುಡಿಮೆಗೆ ಬೇಸಗೆಯ ರಜೆ ಸಣ್ಣ ಮಾತಲ್ಲ. ಏಪ್ರಿಲ್, ಮೇ ತಿಂಗಳುಗಳಲ್ಲಿ ಮಕ್ಕಳಿಗೆ ಶಾಲೆಯಿಲ್ಲ. ಆದ್ದರಿಂದ ಕಚೇರಿಯಲ್ಲಿ ಎಲ್ಲರಿಗೂ ಆಗಲೇ ರಜೆ ಬೇಕು. ಐದಾರು ಜನರ ತಂಡದಲ್ಲಿ ಇಬ್ಬರಾದರೂ ಉಳಿಯಲೇಬೇಕು. ಹೀಗಾಗಿ ರಜೆಯೂ ಕೆರೆಯ ನೀರಿನಂತೆ ಪಾಳಿಯ ಮೇಲೆ ಹಂಚಿಕೆಯಾಗುತ್ತದೆ. ರಜೆ ದೊರೆಯದವರು ಮುಂಜಾವಿನಲ್ಲಿ ಲಾಲ್‌ಬಾಗಿನ ಬಂಡೆಯನ್ನೋ ನಂದಿಬೆಟ್ಟವನ್ನೋ ಹತ್ತಿ ಇಳಿದು ತೃಪ್ತರಾಗುತ್ತಾರೆ. ದೊರೆತವರು ರಾತ್ರಿಯ ಬಸ್ಸಿನಲ್ಲಿ ಘಟ್ಟವಿಳಿದು ಕರಾವಳಿಯ ಹುಟ್ಟೂರನ್ನು ಸೇರುತ್ತಾರೆ. ಅಲ್ಲಿ ಅಂಗಳದ ಚಾಪೆಯ ಮೇಲೆ ಹಲಸಿನ ಹಪ್ಪಳ ಒಣಗುತ್ತಿರುತ್ತದೆ. ಕಾಗೆ ಕಾಯುವ ಕೆಲಸ ಸಹಜವಾಗಿಯೇ ಪಟ್ಟಣದಿಂದ ಬಂದವರ ಪಾಲಿಗೆ ಬರುತ್ತದೆ. ಕಾವಲು ಅಲ್ಲಿಯೂ ತಪ್ಪಲಿಲ್ಲವೆಂದು ಮನೆಯವರು ನಗುವುದುಂಟು. ರಾತ್ರಿ ಬಯಲಿನಲ್ಲಿ ಯಕ್ಷಗಾನ. ಚೆಂಡೆಯ ಸದ್ದಿಗೆ ಬೆಳಗಿನವರೆಗೆ ಎಚ್ಚರವಿರುವುದಕ್ಕೂ, ಯಂತ್ರದ ಮುಂದೆ ಬೆಳಗಿನವರೆಗೆ ಎಚ್ಚರವಿರುವುದಕ್ಕೂ ಎಷ್ಟು ಅಂತರವೆಂಬುದನ್ನು ಎರಡನ್ನೂ ಬಲ್ಲ ದೇಹವೇ ಹೇಳಬಲ್ಲುದು.

ಆದರೆ ಕಿಸೆಯಲ್ಲಿ ಮೊಬೈಲ್ ಇರುತ್ತದೆ. ಊರಿನ ಗುಡ್ಡದ ಮೇಲೆ ಯಾವ ಗೇರುಮರದ ಬುಡದಲ್ಲಿ ಅದಕ್ಕೆ ಸಂಕೇತ ಸಿಗುವುದೆಂದು ಇವರಿಗೆ ಗೊತ್ತಿರುತ್ತದೆ. ಕಚೇರಿಯವರಿಗೂ ಗೊತ್ತಿರುವುದೇ ತೊಂದರೆ. ದುಡಿಮೆಯ ವೇಳೆ ಮುಗಿದ ಮೇಲೆ ಕರೆಗೆ ಓಗೊಡದಿರುವುದು ಕೆಲಸಗಾರನ ಹಕ್ಕೆಂದು ಫ್ರಾನ್ಸ್ ದೇಶವು 2017ರ ಜನವರಿಯಿಂದ ಕಾನೂನಿನಲ್ಲಿಯೇ ಮನ್ನಿಸಿತು. 2024ರ ಆಗಸ್ಟಿನಲ್ಲಿ ಆಸ್ಟ್ರೇಲಿಯವೂ ಅಂಥ ಹಕ್ಕನ್ನು ಜಾರಿಗೆ ತಂದಿತು. ಗೇರುಮರದ ಬುಡಕ್ಕೆ ಆ ಹಕ್ಕು ಇನ್ನೂ ಬಂದಿಲ್ಲ. ಕೆಲವು ತಂಡಗಳು ಮಾತ್ರ ತಮ್ಮೊಳಗೇ ಕಟ್ಟು ಮಾಡಿಕೊಂಡಿವೆ: ರಜೆಗೆ ಹೋಗುವವರು ತಾವು ಬಲ್ಲುದನ್ನೆಲ್ಲ ಬರೆದಿಟ್ಟು ಹೋಗಬೇಕು, ಉಳಿದವರು ಅದನ್ನು ಓದಿ ನಿಭಾಯಿಸಬೇಕು, ಕರೆಯಬಾರದು. ಹಾಗೆ ಬರೆದಿಟ್ಟ ಹಾಳೆಗಳು ಚೆನ್ನಾಗಿದ್ದ ವರ್ಷ ಗುಡ್ಡ ಹತ್ತುವ ಪ್ರಮೇಯವೇ ಬರುವುದಿಲ್ಲ.

ಮೇ ತಿಂಗಳ ಕೊನೆಯ ಭಾಗದಲ್ಲಿ ಪತ್ತನಾಜೆ ಬರುತ್ತದೆ. ಮೇಳಗಳು ಗೆಜ್ಜೆ ಬಿಚ್ಚಿ ತಿರುಗಾಟವನ್ನು ಮುಗಿಸುತ್ತವೆ. ಒಣಗಿದ ಹಪ್ಪಳ ಡಬ್ಬಿ ಸೇರುತ್ತದೆ, ಅದರಲ್ಲಿ ಒಂದು ಪಾಲು ಬೆಂಗಳೂರಿನ ಚೀಲಕ್ಕೆ. ಮಕ್ಕಳಿಗೆ ಶಾಲೆ ತೆರೆಯುವ ವಾರವೇ ಕಚೇರಿಯ ಗೋಡೆಯ ಮೇಲೆ ಮುಂದಿನ ತಿಂಗಳ ಪಾಳಿಯ ಪಟ್ಟಿಯೂ ಏರುತ್ತದೆ; ರಜೆಯಿಂದ ಬಂದವರ ಹೆಸರು ಸಾಮಾನ್ಯವಾಗಿ ರಾತ್ರಿಯ ಸಾಲಿನಲ್ಲಿರುತ್ತದೆ.