ಹೊಂಗೆಗೂ ಅವಸರವಿದೆ

ಮಗು, ಫೋನ್ ಮಾಡಿದಾಗಲೆಲ್ಲ ನಿನ್ನದು ಒಂದೇ ಮಾತು: "ಟೈಮೇ ಸಾಲ್ತಿಲ್ಲ ಅಜ್ಜಿ." ಊಟದ ತಟ್ಟೆ ಪಕ್ಕದಲ್ಲಿ ಲ್ಯಾಪ್‌ಟಾಪ್, ಬಟ್ಟೆ ಮಡಿಸುವಾಗ ಕಿವಿಯಲ್ಲಿ ಮೀಟಿಂಗ್, ಮಲಗಿದರೆ ನಾಳೆಯ ಕೆಲಸ ಕಣ್ಣ ಮುಂದೆ. ನಿನ್ನ ವಯಸ್ಸಿನವರು ಯಾರು ಸಿಕ್ಕರೂ ಇದೇ ಪಾಡು. ಬೆಳಿಗ್ಗೆ ಐದಕ್ಕೆ ಏಳು, ಕೆಲಸದ ಪಟ್ಟಿ ಮಾಡಿಕೋ ಎಂದು ಹೇಳಲು ನಾನು ಕೂತಿಲ್ಲ. ಅದನ್ನು ಹೇಳುವವರು ನಿನಗೆ ಬೇಕಾದಷ್ಟು ಜನ ಇದ್ದಾರೆ.

"ನಿಮ್ಮ ಕಾಲದಲ್ಲಿ ಎಲ್ಲ ನಿಧಾನ, ಎಲ್ಲ ನೆಮ್ಮದಿ" ಅನ್ನುತ್ತೀಯಲ್ಲ, ಅದು ನಿಜವಲ್ಲ. ನಾನು ಬೆಳೆದದ್ದು ತುಮಕೂರು ಸೀಮೆಯ ಮಳೆ ನಂಬಿದ ಹೊಲದಲ್ಲಿ. ಮಳೆ ಬಿದ್ದ ಮೇಲೆ ನೆಲ ಹದವಾಗಿರುವುದು ಎರಡೋ ಮೂರೋ ದಿನ. ಅಷ್ಟರೊಳಗೆ ಕೂರಿಗೆ ಹೂಡಬೇಕು. ಎತ್ತಿಗೆ ಕಾಲುನೋವಾದರೂ, ಮನೆಯಲ್ಲಿ ಬಾಣಂತಿಯಿದ್ದರೂ ಹದ ಕಾಯುವುದಿಲ್ಲ. ಆ ದಿನಗಳಲ್ಲಿ ನಮ್ಮಮ್ಮ ನಿಂತೇ ಮುದ್ದೆ ನುಂಗಿ ಹೊಲಕ್ಕೆ ಓಡುತ್ತಿದ್ದಳು. ಆಮೇಲೆ ಕಳೆ, ಕೊಯ್ಲು. ಕೊಯ್ದ ರಾಗಿಯನ್ನು ಮೆದೆ ಹಾಕಿಬಿಟ್ಟರೆ ಮಾತ್ರ ಮನೆಗೆ ಮನೆಯೇ ಉಸಿರು ಬಿಡುತ್ತಿತ್ತು. ಒಕ್ಕಣೆ ಸಂಕ್ರಾಂತಿ ಆಚೆಗೆ. ಅದೂ ಮುಗಿದರೆ ಜಾತ್ರೆ, ಮದುವೆ, ಊರ ನಾಟಕ. ನಮಗೂ ಅವಸರವಿತ್ತು ಮಗು, ಬೆನ್ನು ಮುರಿಯುವಷ್ಟು ಇತ್ತು. ಆದರೆ ಅದು ಮುಗಿಯುತ್ತಿತ್ತು.

ನಿನ್ನದು ಮುಗಿಯುವುದೇ ಇಲ್ಲ. ಒಂದು ಸ್ಪ್ರಿಂಟ್ ಮುಗಿದ ಸೋಮವಾರವೇ ಇನ್ನೊಂದು. ರಾತ್ರಿ ಹನ್ನೊಂದಕ್ಕೆ ಬಂದ ಮೆಸೇಜಿಗೆ ಹನ್ನೊಂದೂ ಐದಕ್ಕೆ ಉತ್ತರ ಹೋಗಿರುತ್ತದೆ. ನಿನ್ನನ್ನು ಸವೆಸುತ್ತಿರುವುದು ಕೆಲಸದ ಭಾರವೊಂದೇ ಅಲ್ಲ, ಈ ಕೊನೆಯಿಲ್ಲದಿರುವಿಕೆ ಎಂದು ನನಗೆ ಅನ್ನಿಸುತ್ತದೆ. ಅದಕ್ಕೇ ಮರದ ಹತ್ತಿರ ಹೋಗು ಅನ್ನುತ್ತೇನೆ. ಅಲ್ಲಿ ಎಲ್ಲ ನಿಧಾನ ಅಂತಲ್ಲ. ಅಲ್ಲಿಯೂ ಓಟವಿದೆ, ಆದರೆ ಒಂದೊಂದು ಓಟಕ್ಕೂ ಅದರದೇ ಹೊತ್ತಿದೆ.

ನಿನ್ನ ಬೀದಿಯ ತಿರುವಿನಲ್ಲೇ ಹೊಂಗೆ ಮರವಿದೆ. ಮಾಘ ಕಳೆಯುವ ಹೊತ್ತಿಗೆ ಎಲೆ ಉದುರಿ ಕೊಂಬೆ ಬಣಗುಡುತ್ತದೆ. ಯುಗಾದಿ ಹತ್ತಿರವಾದ ಹಾಗೆ ಮಿರಮಿರ ಮಿಂಚುವ ಎಳೆಯ ಹಸಿರು ಬರುತ್ತದೆ, ಅದರ ಬೆನ್ನಿಗೇ ನಸುನೇರಳೆ ಬೆರೆತ ಬಿಳಿ ಹೂವಿನ ಗೊಂಚಲು. ಆಗ ಮರದಡಿ ನಿಂತರೆ ತಲೆಯ ಮೇಲೆ ಜೇನ್ನೊಣಗಳ ಮೊರೆತ ಬಿಡುವಿಲ್ಲದೆ ಕೇಳುತ್ತದೆ. ಬೆಳಿಗ್ಗೆ ಫುಟ್‌ಪಾತಿನ ಮೇಲೆ ಅರಳು ಚೆಲ್ಲಿದ ಹಾಗೆ ಹೂವು. ಕೆಲವೇ ವಾರಗಳ ಸಂಭ್ರಮ ಅದು. ಮರಕ್ಕೂ ಅವಸರ, ನೊಣಕ್ಕೂ ಅವಸರ. ಹೂವು ಮುಗಿದು ಕಾಯಿ ಕಚ್ಚಿತೋ, ಅದೇ ಮರ ಆ ಕಾಯಿ ಮಾಗಿಸಲು ಹತ್ತು ಹನ್ನೊಂದು ತಿಂಗಳು ತೆಗೆದುಕೊಳ್ಳುತ್ತದೆ. ನಮ್ಮ ಹಟ್ಟಿಯ ದೀಪಕ್ಕೆ ಎಣ್ಣೆ ಬರುತ್ತಿದ್ದುದು ಆ ಕಾಯಿಯ ಬೀಜದಿಂದ. ಒಂದು ಎಲೆ ಕಿತ್ತು ನೋಡು, ಮೈತುಂಬ ಸಣ್ಣ ಗುಳ್ಳೆಗಳಿರಬಹುದು. ಬರಿಗಣ್ಣಿಗೆ ಕಾಣದ ನುಸಿಗಳು ಮಾಡಿದ ಗಾಯ ಅದು. ಗಾಯ ಮಾಯಲಿ ಎಂದು ಮರ ಕಾಯುವುದಿಲ್ಲ, ಅದನ್ನು ಹೊತ್ತುಕೊಂಡೇ ಹೂ ಬಿಡುತ್ತದೆ.

ಮಾವಿನ ಮರ ಸಿಕ್ಕರೆ ಚಗಳಿ ಇರುವೆಯ ಗೂಡು ಹುಡುಕು. ಎರಡು ಎಲೆಗಳ ಅಂಚನ್ನು ಸಾಲಾಗಿ ಕಚ್ಚಿ ಹಿಡಿದು ಎಳೆಯುತ್ತವೆ. ಎಲೆ ದೂರವಿದ್ದರೆ ಒಂದರ ಸೊಂಟ ಇನ್ನೊಂದು ಹಿಡಿದು ಸರಪಳಿ ಕಟ್ಟುತ್ತವೆ. ಅಂಚು ಅಂಚಿಗೆ ತಾಗಿದ ಮೇಲೆ ಬೇರೆ ಇರುವೆಗಳು ಗೂಡಿನ ಮರಿಹುಳುಗಳನ್ನು ಬಾಯಲ್ಲಿ ಹಿಡಿದು ತಂದು ಆ ಅಂಚಿಗೂ ಈ ಅಂಚಿಗೂ ಮುಟ್ಟಿಸುತ್ತಾ ಹೋಗುತ್ತವೆ. ಮರಿಯ ಬಾಯಿಂದ ಬರುವ ರೇಷ್ಮೆ ಎಳೆಯಲ್ಲಿ ಎಲೆಗಳು ಅಂಟಿಕೊಳ್ಳುತ್ತವೆ. ಇದನ್ನು ಕಣ್ಣಾರೆ ನೋಡುತ್ತಾ ನಿಂತವರಿಗೆ ಗಡಿಯಾರದ ನೆನಪೇ ಬರುವುದಿಲ್ಲ. ಒಂದು ಮಾತು, ತುಸು ದೂರ ನಿಲ್ಲು. ಕಚ್ಚಿದರೆ ಉರಿ ಜೋರು.

ಬೆಂಗಳೂರಿನ ಆಕಾಶದ ಹದ್ದು ಬೆಳಗಾದ ಕೂಡಲೇ ಸುತ್ತು ಹೊಡೆಯಲು ಹೋಗುವುದಿಲ್ಲ. ಬಿಸಿಲೇರಿ ನೆಲ ಕಾದು ಗಾಳಿ ಮೇಲೇಳುವ ತನಕ ಕೊಂಬೆಯ ಮೇಲೆ ಸುಮ್ಮನೆ ಕೂತಿರುತ್ತದೆ, ಆಮೇಲೆ ರೆಕ್ಕೆ ಬಡಿಯದೆ ಮೇಲೇರುತ್ತದೆ. ಇನ್ನು ಮಳೆಮರ. ದಕ್ಷಿಣ ಅಮೆರಿಕದ ಕಡೆಯಿಂದ ಬಂದು ನಮ್ಮ ರಸ್ತೆಗಳಿಗೆ ಚಪ್ಪರ ಹಾಕಿದ ಮರ ಅದು. ಹೊತ್ತು ಮುಳುಗುವಾಗ ತನ್ನ ಎಲೆಗಳನ್ನು ಮಡಿಚಿಕೊಳ್ಳುತ್ತದೆ, ದಟ್ಟ ಮೋಡ ಕವಿದರೂ ಮಡಿಚಿಕೊಳ್ಳುತ್ತದೆ. ಸಂಜೆ ನೀನು ಸಿಗ್ನಲ್ಲಿನಲ್ಲಿ ಸಿಕ್ಕಿಕೊಂಡು ಮ್ಯಾಪಿನ ಕೆಂಪು ಗೆರೆ ನೋಡುತ್ತಾ ಕೂತಿರುವಾಗ ನಿನ್ನ ತಲೆಯ ಮೇಲೇ ಅದು ನಡೆಯುತ್ತಿರುತ್ತದೆ. ಒಂದು ಸಲ ತಲೆ ಎತ್ತು.

ಇದಕ್ಕೆಲ್ಲ ಸಕಲೇಶಪುರಕ್ಕೆ ಹೋಗಬೇಕಿಲ್ಲ. ಮೂರು ತಿಂಗಳಿಗೊಮ್ಮೆ ರೆಸಾರ್ಟ್ ಬುಕ್ ಮಾಡಿ, ನಡುರಾತ್ರಿ ಎದ್ದು ನಂದಿಬೆಟ್ಟದ ಕೆಳಗೆ ಕಾರಿನ ಸಾಲಿನಲ್ಲಿ ನಿಂತು, ಸೂರ್ಯೋದಯ ತಪ್ಪಿಹೋಗುತ್ತದೆ ಎಂದು ಚಡಪಡಿಸುವುದು ಇನ್ನೊಂದು ಡೆಡ್‌ಲೈನ್ ಅಷ್ಟೇ. ಹೋಗಬೇಡ ಎನ್ನುವುದಿಲ್ಲ. ಆದರೆ ದಿನ ಕಳೆಯುವ ಜಾಗದಲ್ಲಿ ಸಿಗದ ಸಮಾಧಾನವನ್ನು ವರ್ಷಕ್ಕೆ ನಾಲ್ಕು ಸಲ ಗುಡ್ಡದ ಮೇಲಿಂದ ಹೊತ್ತು ತರಲಾಗದು. ಇಂಗ್ಲೆಂಡಿನಲ್ಲಿ ಸುಮಾರು 20,000 ಜನರನ್ನು ವಿಚಾರಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ವಾರಕ್ಕೆ 120 ನಿಮಿಷವಾದರೂ ಹಸಿರಿನ ನಡುವೆ ಕಳೆದವರಲ್ಲಿ ಆರೋಗ್ಯ ಚೆನ್ನಾಗಿದೆ, ಮನಸ್ಸು ಹಗುರಾಗಿದೆ ಎಂದವರು ಹೆಚ್ಚು. ಆ ಹೊತ್ತನ್ನು ಒಂದೇ ಸಲ ಕಳೆದರೂ ಸರಿ, ಚೂರುಚೂರಾಗಿ ಕಳೆದರೂ ಸರಿ, ವ್ಯತ್ಯಾಸ ಕಾಣಲಿಲ್ಲ. ಆರೋಗ್ಯವಾಗಿದ್ದವರೇ ಹೆಚ್ಚು ಹೊರಗೆ ಹೋಗಿದ್ದರೂ ಹೋಗಿರಬಹುದು, ಹಾಗಾಗಿ ಅದನ್ನು ವೇದವಾಕ್ಯ ಮಾಡಿಕೊಳ್ಳಬೇಡ. ನನಗೆ ಅದಕ್ಕಿಂತ ಹತ್ತಿರವೆನಿಸಿದ್ದು ರೋಜರ್ ಉಲ್ರಿಚ್ ಎಂಬ ಸಂಶೋಧಕರು 1984ರಲ್ಲಿ ಬರೆದದ್ದು. ಅಮೆರಿಕದ ಒಂದು ಆಸ್ಪತ್ರೆಯಲ್ಲಿ ಪಿತ್ತಕೋಶದ ಆಪರೇಷನ್ ಆದ 46 ಜನರ ದಾಖಲೆ ತೆಗೆದು ನೋಡಿದರು. ಕಿಟಕಿಯಾಚೆ ಮರ ಕಾಣುತ್ತಿದ್ದವರು ಇಟ್ಟಿಗೆ ಗೋಡೆ ಕಾಣುತ್ತಿದ್ದವರಿಗಿಂತ ಬೇಗ ಮನೆಗೆ ಹೋಗಿದ್ದರು, ಜೋರಾದ ನೋವಿನ ಮದ್ದನ್ನೂ ಕಡಿಮೆ ಕೇಳಿದ್ದರು. ಬರೀ ಕಿಟಕಿಯಿಂದ ಕಂಡ ಮರ, ಮಗು.

ಹಾಗಾಗಿ ಒಂದು ಮರ ಆರಿಸಿಕೋ. ನೀನು ಹೇಗೂ ಹೋಗುವ ದಾರಿಯಲ್ಲೇ ಇರಲಿ. ಅದರ ಹತ್ತಿರ ದಿನಾ ಸ್ವಲ್ಪ ಹೊತ್ತು ನಿಲ್ಲು, ಇಲ್ಲವೇ ಕೂರು. ಹೆಜ್ಜೆ ಎಣಿಸಬೇಡ, ಫೋಟೋ ತೆಗೆಯಬೇಡ, ಇಷ್ಟು ದಿನ ತಪ್ಪದೆ ಬಂದೆ ಎಂಬ ಲೆಕ್ಕವನ್ನಂತೂ ಇಡಲೇಬೇಡ. ಲೆಕ್ಕ ಇಟ್ಟ ದಿನವೇ ಅದೂ ಆಫೀಸಿನ ಕೆಲಸವಾಗುತ್ತದೆ. ಮೊದಮೊದಲು ಹಿತವಾಗಿರುವುದಿಲ್ಲ. ಕೈ ತಾನಾಗಿ ಜೇಬಿಗೆ ಹೋಗುತ್ತದೆ, ಮಾಡಬೇಕಾದದ್ದೆಲ್ಲ ಒಟ್ಟಿಗೇ ನೆನಪಾಗುತ್ತದೆ, ಎದೆ ಇನ್ನೂ ಜೋರಾಗಿ ಹೊಡೆದುಕೊಳ್ಳುತ್ತದೆ. ಆಗ ಎದ್ದು ಬರುವವರೇ ಹೆಚ್ಚು. ನೀನು ಎದ್ದು ಬರಬೇಡ. ಕಣ್ಣಿಗೆ ಒಂದು ಸಣ್ಣ ಕೆಲಸ ಕೊಡು: ತೊಗಟೆಯ ಬಿರುಕಿನಲ್ಲಿ ಯಾವುದೋ ಇರುವೆ ಎಲ್ಲಿಗೆ ಹೋಗುತ್ತಿದೆ ಎಂದು ಹಿಂಬಾಲಿಸು, ಸಾಕು. ಉಸಿರು ತಾನೇ ಕೆಳಗಿಳಿಯುತ್ತದೆ.

ಭಾನುವಾರ ಬಿಡುವಾದರೆ ಲಾಲ್‌ಬಾಗಿನ ಬಂಡೆ ಹತ್ತು. ಕೆಂಪೇಗೌಡರ ಗೋಪುರದ ಫೋಟೋ ಆಮೇಲೆ ತೆಗೆದುಕೊಂಡರಾಯಿತು, ಮೊದಲು ಕಾಲ ಕೆಳಗೆ ನೋಡು. ಕಪ್ಪು ಬಿಳುಪು ಪಟ್ಟೆಗಳು ಬಳುಕಿ ಮಡಿಚಿಕೊಂಡಿರುತ್ತವೆ. ಹೆಚ್ಚುಕಡಿಮೆ 300 ಕೋಟಿ ವರ್ಷದ ಹಿಂದಿನ ಕಲ್ಲು ಅದು. 1975ರಲ್ಲಿ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಘೋಷಿಸಿದ್ದಾರೆ. ಅದನ್ನು ನೋಡಿ "ನಾವೆಷ್ಟು ಅಲ್ಪರು" ಎಂದು ಕೊರಗಬೇಕಿಲ್ಲ. ಅಂಗೈ ಊರಿ ಬೆಳಗಿನ ತಂಪು ಇದ್ದಾಗಲೇ ಸ್ವಲ್ಪ ಹೊತ್ತು ಕೂರು. ನಾನು ಮಂಡಿ ನೋವಿದ್ದರೂ ಹತ್ತುವುದು ಅದಕ್ಕೇ.

ಮರ ಎಲ್ಲವನ್ನೂ ಸರಿಮಾಡುತ್ತದೆ ಎಂದು ನಾನು ಹೇಳಿದರೆ ನಿನಗೆ ಮೋಸ ಮಾಡಿದ ಹಾಗೆ. ಇಬ್ಬರ ಕೆಲಸವನ್ನು ಒಬ್ಬಳ ಮೇಲೆ ಹೇರಿದ್ದರೆ ಅದಕ್ಕೆ ಹೊಂಗೆಯ ನೆರಳು ಉತ್ತರವಲ್ಲ. ಮ್ಯಾನೇಜರ್ ಎದುರು ಕೂತು, ಇಷ್ಟು ಆಗುತ್ತದೆ, ಇಷ್ಟು ಆಗುವುದಿಲ್ಲ ಎಂದು ಬಾಯಿಬಿಟ್ಟು ಹೇಳಲೇಬೇಕು. ರಾತ್ರಿ ಯಾವ ಗಂಟೆಯ ಮೇಲೆ ಫೋನ್ ಎತ್ತುವುದಿಲ್ಲ ಎಂಬುದನ್ನೂ ಅಲ್ಲೇ ಹೇಳಿಬಿಡು. ಬೇಜಾರಾದರೆ ಆಗಲಿ. ಇನ್ನು ವಾರಗಟ್ಟಲೆ ನಿದ್ದೆ ಹತ್ತದಿದ್ದರೆ, ಊಟ ರುಚಿಸದಿದ್ದರೆ, ಕಾರಣವಿಲ್ಲದೆ ಅಳು ಬರುತ್ತಿದ್ದರೆ ಮರದಡಿ ಕೂತು ದಿನ ದೂಡಬೇಡ, ಡಾಕ್ಟರ ಹತ್ತಿರ ಹೋಗು. ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಿ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ನಂಬರನ್ನು ಈಗಲೇ ಬರೆದಿಟ್ಟುಕೋ. ಬೇರೆಯವರಿಗೆ ಹೇಳಲು ಸಂಕೋಚವಾದರೆ ನನಗೆ ಹೇಳು, ನಾನೇ ಜೊತೆಗೆ ಬರುತ್ತೇನೆ.