ಬೆಟ್ಟದ ಓಟಕ್ಕೆ ಮೊಬೈಲ್ ಬೇಕೆ? ಬೇಕು, ಆದರೆ ಹೀಗೆ

ತಲಕಾಡು, ತಿ. ನರಸೀಪುರ, ನಂಜನಗೂಡು ಕಡೆಯ ಹುಡುಗರಿಗೆ ಓಟ ಹೊಸತಲ್ಲ. ಪೊಲೀಸ್ ಮತ್ತು ಸೇನಾ ನೇಮಕಾತಿಯ 1,600 ಮೀಟರ್ ಓಟಕ್ಕೆಂದು ನಸುಕಿನಲ್ಲೇ ನಾಲೆ ಏರಿ ಹಿಡಿಯುವವರಿದ್ದಾರೆ, ಕಾಲಿಗೆ ಕಸುವು ಬರಲೆಂದು ಮುಡುಕುತೊರೆ ಬೆಟ್ಟ ಹತ್ತಿ ಇಳಿಯುವವರಿದ್ದಾರೆ. ಇಲ್ಲಿಂದ ಚಾಮುಂಡಿ ಬೆಟ್ಟದ ಓಟಕ್ಕೋ, ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವೆ ನಡೆಯುವ ಮಲ್ನಾಡ್ ಅಲ್ಟ್ರಾಕ್ಕೋ ಹೊರಟವರು ಮೊದಲು ಕೇಳುವುದು, 'ಮೊಬೈಲ್ ಒಯ್ಯಬೇಕಾ?' ಎಂದು. ಭಾರ, ಬೆವರು, ಬಿದ್ದರೆ ಒಡೆಯುವ ಭಯ ಒಂದು ಕಡೆ. 'ಏನಾದರೂ ಆದರೆ?' ಎಂಬ ಮನೆಯವರ ಚಿಂತೆ ಇನ್ನೊಂದು ಕಡೆ.

ಓಟದ ಲೋಕದಲ್ಲೂ ಇದಕ್ಕೆ ಒಂದೇ ಉತ್ತರವಿಲ್ಲ. ಫ್ರಾನ್ಸಿನ ಶಾಮೊನಿಯಿಂದ ಹೊರಟು ಮಾಂಟ್ ಬ್ಲಾಂಕ್ ಪರ್ವತವನ್ನು ಸುತ್ತಿ ಬರುವ ಯುಟಿಎಂಬಿ ಓಟದಲ್ಲಿ ಫೋನ್ ಕಡ್ಡಾಯ. ಬ್ರಿಟನ್ನಿನ ಗುಡ್ಡದ ಓಟಗಾರರ ಹಳೆಯ ಪಟ್ಟಿಯಲ್ಲಿ ಇರುವುದು ನಕ್ಷೆ, ದಿಕ್ಸೂಚಿ, ಸೀಟಿ, ಮಳೆ ತಡೆಯುವ ಅಂಗಿ.

ನಮ್ಮ ರಾಜ್ಯದ್ದೇ ಒಂದು ಉದಾಹರಣೆ ನೋಡಿ. 2022ರ ಫೆಬ್ರುವರಿ 20ರಂದು ನಂದಿಬೆಟ್ಟದ ಬಳಿಯ ಬ್ರಹ್ಮಗಿರಿಯಲ್ಲಿ 19 ವರ್ಷದ ವಿದ್ಯಾರ್ಥಿಯೊಬ್ಬ ಜಾರಿ, ಸುಮಾರು 300 ಅಡಿ ಕೆಳಗೆ ಸಿಕ್ಕಿಕೊಂಡ. ಫೋನ್ ಕೈಯಲ್ಲಿತ್ತು, ಲೊಕೇಶನ್ ಕಳುಹಿಸಿದ. ವಾಯುಪಡೆಯ ಹೆಲಿಕಾಪ್ಟರ್ ಬಂದು ಮೇಲೆತ್ತಿತು. ಇದಕ್ಕೆ ಒಂಬತ್ತು ತಿಂಗಳ ಹಿಂದೆ, 2021ರ ಮೇ 22ರಂದು, ಚೀನಾದ ಗಾನ್ಸು ಪ್ರಾಂತ್ಯದ 100 ಕಿ.ಮೀ. ಓಟದಲ್ಲಿ ಆಲಿಕಲ್ಲು ಮಳೆ ಮತ್ತು ಚಳಿಗಾಳಿಗೆ ಸಿಕ್ಕಿ 21 ಓಟಗಾರರು ಸತ್ತರು. ಅಲ್ಲಿ ಆರು ಮಂದಿಯನ್ನು ಉಳಿಸಿದವನು ಗುಹೆಯಲ್ಲಿ ಬೆಂಕಿ ಹೊತ್ತಿಸಿ ಅವರನ್ನು ಬೆಚ್ಚಗಿಟ್ಟ ಕುರಿಗಾಹಿ. ಅಂದರೆ ಫೋನ್ ಸುದ್ದಿ ಮುಟ್ಟಿಸಬಲ್ಲದು, ಅಷ್ಟೇ. ಸುದ್ದಿ ಸರಿಯಾಗಿ ಮುಟ್ಟಬೇಕು, ಆ ಕಡೆ ಕೇಳಿಸಿಕೊಂಡು ಹೊರಡುವವರು ಇರಬೇಕು. ಇವೆರಡಕ್ಕೂ ಮೊದಲೇ ತಯಾರಿ ಬೇಕು.

1. ದಾರಿ ನೋಡಿ ತೀರ್ಮಾನಿಸಿ

ಆಯೋಜಕರು ಕಡ್ಡಾಯ ಎಂದಿದ್ದರೆ ವಾದ ಬೇಡ, ಒಯ್ಯಿರಿ. ಕಡ್ಡಾಯವಿಲ್ಲದ ಕಡೆ ದಾರಿಯೇ ಹೇಳುತ್ತದೆ. ಚಾಮುಂಡಿ ಬೆಟ್ಟದ 1,008 ಮೆಟ್ಟಿಲಲ್ಲಿ ಬೆಳಗಿನ ಹೊತ್ತು ಹಿಂದೆ ಮುಂದೆ ಜನ ಇರುತ್ತಾರೆ, ಬಿದ್ದರೆ ಯಾರಾದರೂ ಕೈ ಹಿಡಿಯುತ್ತಾರೆ. ತೋಟ, ಕುರುಚಲು ಕಾಡು, ಕವಲು ದಾರಿ ಇರುವಲ್ಲಿ ಫೋನ್ ಬಿಟ್ಟು ಹೋಗಬೇಡಿ. ಒಬ್ಬರೇ ಅಭ್ಯಾಸಕ್ಕೆ ಹೋಗುವಾಗಲಂತೂ ಇರಲೇಬೇಕು. ಎಲ್ಲಿಗೆ ಹೋಗುತ್ತೀರಿ, ಎಷ್ಟು ಹೊತ್ತಿಗೆ ಮರಳುತ್ತೀರಿ ಎಂಬುದನ್ನು ಮನೆಯಲ್ಲಿ ಹೇಳಿಯೇ ಹೊರಡಿ. ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟದ ಕಾಡುಗಳಲ್ಲಿ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಓಡುವಂತಿಲ್ಲ.

2. ಹಿಂದಿನ ದಿನವೇ ಫೋನ್ ಸಜ್ಜುಮಾಡಿ

ಪೂರ್ತಿ ಚಾರ್ಜ್ ಮಾಡಿ. ಓಟದ ದಾರಿಯ ನಕ್ಷೆಯನ್ನು ಇಂಟರ್‌ನೆಟ್ ಇಲ್ಲದೆಯೂ ತೆರೆಯುವಂತೆ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಸೆಟ್ಟಿಂಗ್ಸ್‌ನ ಸುರಕ್ಷತೆ ಮತ್ತು ತುರ್ತು ವಿಭಾಗದಲ್ಲಿ ರಕ್ತದ ಗುಂಪು, ಅಲರ್ಜಿ, ತೆಗೆದುಕೊಳ್ಳುವ ಮಾತ್ರೆ, ಮನೆಯ ಇಬ್ಬರ ನಂಬರ್ ತುಂಬಿಸಿ. ನಿಮಗೆ ಎಚ್ಚರ ತಪ್ಪಿದ್ದರೆ, ಲಾಕ್ ತೆರೆಯದೆಯೇ ಇದನ್ನು ಬೇರೆಯವರು ಓದಬಹುದು. ಆಯೋಜಕರ ತುರ್ತು ನಂಬರನ್ನು ಫೋನಿನಲ್ಲಿ ಉಳಿಸಿ, ಎದೆಗೆ ಅಂಟಿಸುವ ಓಟದ ನಂಬರ್ ಚೀಟಿಯ ಹಿಂದೆಯೂ ಪೆನ್ನಿನಲ್ಲಿ ಬರೆದಿಡಿ.

ಪವರ್ ಬಟನ್ ಒತ್ತಿ 112ಕ್ಕೆ ಕರೆ ಮಾಡುವ ಸೌಲಭ್ಯ ಈಗಿನ ಹೆಚ್ಚಿನ ಫೋನುಗಳಲ್ಲಿದೆ. ಕೆಲವದರಲ್ಲಿ ಮೂರು ಸಲ ಒತ್ತಬೇಕು, ಕೆಲವದರಲ್ಲಿ ಐದು ಸಲ. ನಿಮ್ಮದರಲ್ಲಿ ಹೇಗೆ ಎಂದು ಮನೆಯಲ್ಲೇ ನೋಡಿಕೊಳ್ಳಿ. ಒದ್ದೆ ಬೆರಳಿಗೆ ಫಿಂಗರ್‌ಪ್ರಿಂಟ್ ತೆರೆಯುವುದಿಲ್ಲ, ಮಳೆಹನಿ ಬಿದ್ದ ಸ್ಕ್ರೀನ್ ಹೇಳಿದಂತೆ ಕೇಳುವುದಿಲ್ಲ. ಆಗ ಕೆಲಸಕ್ಕೆ ಬರುವುದು ಈ ಬಟನ್ನೇ. ಬೆಲ್ಟಿನೊಳಗೆ ಅದು ತಾನಾಗಿ ಒತ್ತಿಕೊಂಡು ಪೊಲೀಸರಿಗೆ ಸುಳ್ಳು ಕರೆ ಹೋಗದಂತೆಯೂ ನೋಡಿಕೊಳ್ಳಿ.

ಸ್ಮಾರ್ಟ್‌ಫೋನ್ ಇಲ್ಲದವರು ಹಿಂಜರಿಯಬೇಕಿಲ್ಲ. ಕೀಪ್ಯಾಡ್ ಫೋನ್ ಹಗುರ, ಚಾರ್ಜ್ ದಿನಗಟ್ಟಲೆ ನಿಲ್ಲುತ್ತದೆ, ಬೆವರಿನ ಕೈಯಲ್ಲೂ ನಂಬರ್ ಒತ್ತಬಹುದು. ನಕ್ಷೆಯೊಂದು ಸಿಗದು, ಉಳಿದಂತೆ ತುರ್ತಿಗೆ ಧಾರಾಳ ಸಾಕು.

3. ಸೊಂಟದಲ್ಲಿರಲಿ, ಕೈಯಲ್ಲಿ ಬೇಡ

ಇಳಿಜಾರಿನಲ್ಲಿ ಎಡವಿದಾಗ ನೆಲಕ್ಕೆ ಊರಲು ಎರಡು ಕೈಯೂ ಬೇಕು. ಕೈಯಲ್ಲಿ ಫೋನ್ ಹಿಡಿದವರು ಅದನ್ನು ಉಳಿಸಲು ಹೋಗಿ ಮೊಣಕೈ ಮುರಿದುಕೊಳ್ಳುತ್ತಾರೆ. ಜಿಪ್ ಇರುವ ಸೊಂಟದ ಬೆಲ್ಟಿನಲ್ಲಿ, ಕುಲುಕದಂತೆ ಬಿಗಿಯಾಗಿ ಇಡಿ. ಅದಕ್ಕೂ ಮೊದಲು ಪ್ಲಾಸ್ಟಿಕ್ ಜಿಪ್ ಕವರಿಗೆ ಹಾಕಿ. ತಲಕಾಡಿನ ಮರಳಲ್ಲಿ ಓಡಿದವರಿಗೆ ಗೊತ್ತು, ಆ ನುಣುಪು ಮರಳು ಸಾಕ್ಸಿನೊಳಗೆ ಮಾತ್ರವಲ್ಲ, ಚಾರ್ಜಿಂಗ್ ತೂತಿನೊಳಗೂ ಸೇರುತ್ತದೆ.

4. ಇಯರ್‌ಫೋನ್ ಮನೆಯಲ್ಲೇ ಬಿಡಿ

ಇದು ನಮ್ಮ ಭಾಗಕ್ಕೆ ಎಲ್ಲಕ್ಕಿಂತ ಮುಖ್ಯ. ಕಿವಿಯಲ್ಲಿ ಹಾಡು ತುಂಬಿದ್ದರೆ ಪ್ರಾಣಿಯ ಸದ್ದು ಕೇಳಿಸದು. 2022ರ ಅಕ್ಟೋಬರ್ ಕೊನೆಯಲ್ಲಿ ಉಕ್ಕಲಗೆರೆ ಬಳಿಯ ಮಲ್ಲಿಕಾರ್ಜುನಸ್ವಾಮಿ ಬೆಟ್ಟಕ್ಕೆ ಹೋಗಿದ್ದ ವಿದ್ಯಾರ್ಥಿಯೊಬ್ಬ ಚಿರತೆ ದಾಳಿಗೆ ಬಲಿಯಾದ. ಮುಂದಿನ ಜನವರಿಯೊಳಗೆ ತಿ. ನರಸೀಪುರ ತಾಲ್ಲೂಕಿನಲ್ಲಿ ಇನ್ನೂ ಮೂವರು ಹೀಗೇ ಸತ್ತರು. ಆಮೇಲೆ ಮೈಸೂರು ಜಿಲ್ಲೆಯಲ್ಲಿ ಚಿರತೆ ಕಾರ್ಯಪಡೆಯೇ ರಚನೆಯಾಯಿತು. ಚಾಮುಂಡಿ ಬೆಟ್ಟದ ಸುತ್ತಲೂ ಚಿರತೆಗಳಿವೆ. ಕತ್ತಲೆ ಹರಿಯುವ ಮುನ್ನ, ಮುಸ್ಸಂಜೆಯ ನಂತರ ಬೆಟ್ಟದಲ್ಲಿ, ಕಬ್ಬಿನ ಗದ್ದೆಯ ಬದಿಯಲ್ಲಿ ಒಬ್ಬರೇ ಓಡಬೇಡಿ. ಚಿರತೆ ಎದುರಾದರೆ ಬೆನ್ನು ತಿರುಗಿಸಿ ಓಡಬಾರದು, ಬಗ್ಗಬಾರದು. ಕೈ ಮೇಲೆತ್ತಿ, ಜೋರಾಗಿ ಕೂಗುತ್ತಾ ನಿಧಾನಕ್ಕೆ ಹಿಂದೆ ಸರಿಯಿರಿ. ವಿಡಿಯೊ ಮಾಡಲು ಫೋನ್ ತೆಗೆಯುವ ಹೊತ್ತಲ್ಲ ಅದು.

5. ಚಾರ್ಜ್ ಉಳಿಸಿ, ಸಿಗ್ನಲ್ ಗುರುತಿಡಿ

ಸಿಗ್ನಲ್ ಕ್ಷೀಣವಾದಷ್ಟೂ ಟವರ್ ಹುಡುಕಲು ಫೋನ್ ಹೆಚ್ಚು ಬ್ಯಾಟರಿ ತಿನ್ನುತ್ತದೆ. ಸ್ಪರ್ಧೆಯಲ್ಲಿ ಆಯೋಜಕರು ನಿಮಗೆ ಕರೆ ಮಾಡಬೇಕಾಗಿ ಬರಬಹುದು, ಹಾಗಾಗಿ ಫೋನ್ ಆನ್ ಇರಲಿ. ಮೊಬೈಲ್ ಡೇಟಾ, ಬ್ಲೂಟೂತ್ ಮಾತ್ರ ಆಫ್ ಮಾಡಿ. ಸಿಗ್ನಲ್ಲೇ ಇಲ್ಲದ ಜಾಗದಲ್ಲಿ ಫ್ಲೈಟ್ ಮೋಡ್‌ಗೆ ಹಾಕಬಹುದು, ಆಗಲೂ ಜಿಪಿಎಸ್ ನಡೆಯುತ್ತದೆ. ಓಟಕ್ಕೆ ಮೊದಲು ದಾರಿ ನೋಡಲು ಹೋದಾಗ ಎಲ್ಲೆಲ್ಲಿ ಸಿಗ್ನಲ್ ಸಿಗುತ್ತದೆ ಎಂದು ನೆನಪಿಟ್ಟುಕೊಳ್ಳಿ. ಬೆಟ್ಟದ ನೆತ್ತಿ, ಏಣುಗಳಲ್ಲಿ ಸಿಗುವುದು ಹಳ್ಳದಲ್ಲಿ ಸಿಗದು. ನಿಮ್ಮ ಸಿಮ್ ಕಂಪನಿಯ ಸಿಗ್ನಲ್ ಇಲ್ಲದಿದ್ದರೂ ಬೇರೆ ಕಂಪನಿಯ ಟವರ್ ಹತ್ತಿರವಿದ್ದರೆ 112ಕ್ಕೆ ಕರೆ ಹೋಗುವ ಸಾಧ್ಯತೆ ಇದೆ, ಪ್ರಯತ್ನಿಸದೆ ಬಿಡಬೇಡಿ. ಯಾವ ಟವರೂ ಇಲ್ಲದ ಕಡೆ 112 ಕೂಡ ಸಿಗದು.

6. ಪೆಟ್ಟಾದಾಗ ಮಾಡಬೇಕಾದ ಕ್ರಮ

ಮೊದಲು ದಾರಿಯಿಂದ ಪಕ್ಕಕ್ಕೆ, ಜಾರದ ಜಾಗಕ್ಕೆ ಸರಿಯಿರಿ. ಬೆನ್ನು, ಕುತ್ತಿಗೆಗೆ ಪೆಟ್ಟಾದವರನ್ನು ಮಾತ್ರ ಅಲುಗಾಡಿಸಬೇಡಿ. ರಕ್ತ ಸೋರುತ್ತಿದ್ದರೆ ಬಟ್ಟೆಯಿಂದ ಒತ್ತಿ ಹಿಡಿಯಿರಿ. ಹಿಂದೆ ಬರುವ ಓಟಗಾರರನ್ನು ನಿಲ್ಲಿಸಿ, ಹತ್ತಿರದ ಸ್ವಯಂಸೇವಕರಿಗೆ ಹೇಳಿ ಕಳುಹಿಸಿ. ಆಮೇಲೆ ಆಯೋಜಕರ ನಂಬರ್, ಅದು ಸಿಗದಿದ್ದರೆ 108 ಅಥವಾ 112.

ಕರೆ ತೆಗೆದುಕೊಳ್ಳುವವರು ದೂರದ ಕೇಂದ್ರದಲ್ಲಿ ಕೂತಿರುತ್ತಾರೆ, ನಿಮ್ಮೂರು ಅವರಿಗೆ ಗೊತ್ತಿರುವುದಿಲ್ಲ. 'ಮಲ್ಲಿಕಾರ್ಜುನಸ್ವಾಮಿ ಬೆಟ್ಟದಲ್ಲಿದ್ದೇವೆ, ಬೇಗ ಬನ್ನಿ' ಎಂದಷ್ಟೇ ಹೇಳಿದರೆ ಆಂಬುಲೆನ್ಸ್ ಎಲ್ಲಿಗೆ ಹೋಗಬೇಕು? ಒಂದೇ ತಾಲ್ಲೂಕಿನಲ್ಲಿ ಉಕ್ಕಲಗೆರೆಯ ಬೆಟ್ಟಕ್ಕೂ ಅದೇ ಹೆಸರು, ಮುಡುಕುತೊರೆ ಬೆಟ್ಟದ ದೇವರೂ ಮಲ್ಲಿಕಾರ್ಜುನನೇ. ಹೀಗೆ ಹೇಳಿ: 'ಮೈಸೂರು ಜಿಲ್ಲೆ, ತಿ. ನರಸೀಪುರ ತಾಲ್ಲೂಕು, ತಲಕಾಡು ಹತ್ತಿರದ ಮುಡುಕುತೊರೆ ಬೆಟ್ಟ. ದೇವಸ್ಥಾನದಿಂದ ಇಳಿಯುವಾಗ ಹೊಳೆ ಕಡೆಯ ಇಳಿಜಾರು. ಗಂಡಸು, ಇಪ್ಪತ್ತೆರಡು ವರ್ಷ. ಬಲಗಾಲು ಮುರಿದಿರಬಹುದು. ಎಚ್ಚರ ಇದೆ, ರಕ್ತ ಹೋಗುತ್ತಿಲ್ಲ. ಜೊತೆಗೆ ಇಬ್ಬರಿದ್ದೇವೆ. ಒಬ್ಬ ಕೆಳಗೆ ರಸ್ತೆಯಲ್ಲಿ ಕಾಯುತ್ತಿರುತ್ತಾನೆ.' ಅವರು ಇಡುವವರೆಗೆ ನೀವು ಫೋನ್ ಇಡಬೇಡಿ. ಆಮೇಲೆ ಲೈನ್ ಖಾಲಿ ಬಿಡಿ, ಊರವರಿಗೆಲ್ಲ ಸುದ್ದಿ ಹೇಳುತ್ತಾ ಕೂತರೆ ವಾಪಸ್ ಬರುವ ಕರೆ ನಿಮಗೆ ಸಿಗದು.

ಹಾವು ಕಚ್ಚಿದರೆ ಓಡಬೇಡಿ, ಗಾಯ ಕೊಯ್ಯಬೇಡಿ, ಬಿಗಿಯಾಗಿ ಕಟ್ಟಬೇಡಿ. ಕಚ್ಚಿದ ಅಂಗ ಅಲುಗದಂತೆ ಕೂತು 108ಕ್ಕೆ ಕರೆ ಮಾಡಿ.

7. ಕರೆ ಹೋಗದಿದ್ದರೆ

ಎಸ್‌ಎಂಎಸ್ ಕಳುಹಿಸಿ. ಮಾತು ಹೋಗದಷ್ಟು ಕಡಿಮೆ ಸಿಗ್ನಲ್‌ನಲ್ಲೂ ಅದು ಹೋಗಬಹುದು. ವಾಟ್ಸ್‌ಆ್ಯಪ್ ಲೈವ್ ಲೊಕೇಶನ್‌ಗೆ ಡೇಟಾ ಬೇಕು, ಎಸ್‌ಎಂಎಸ್‌ಗೆ ಬೇಡ. ನಕ್ಷೆಯಲ್ಲಿ ನೀವಿರುವ ಜಾಗದ ಮೇಲೆ ಬೆರಳು ಒತ್ತಿ ಹಿಡಿದರೆ ಎರಡು ಸಂಖ್ಯೆ ಕಾಣುತ್ತವೆ, ತಲಕಾಡಿನ ಸುತ್ತ ಅವು 12.2 ಮತ್ತು 77.0ರ ಆಸುಪಾಸು. ಬಿಂದುವಿನ ನಂತರ ನಾಲ್ಕು ಅಂಕಿ ಬರೆದು ಕಳುಹಿಸಿದರೆ ಸುಮಾರು 11 ಮೀಟರ್ ಒಳಗೆ ನಿಮ್ಮ ಜಾಗ ಗುರುತಾಗುತ್ತದೆ.

ಅದೂ ಆಗದಿದ್ದರೆ ಸೀಟಿ. ನಿಮಿಷಕ್ಕೆ ಆರು ಸಲ ಊದಿ, ಒಂದು ನಿಮಿಷ ಬಿಟ್ಟು ಮತ್ತೆ ಊದುವುದು ಬೆಟ್ಟಗಳಲ್ಲಿ ಸಹಾಯ ಬೇಡುವ ಸಂಕೇತ. ಮೂರು ಸಲ ಊದಿದರೆ 'ಕೇಳಿಸಿತು' ಎಂಬ ಉತ್ತರ. ಮೂವರಿದ್ದರೆ ಒಬ್ಬರು ಗಾಯಾಳುವಿನ ಬಳಿ ಉಳಿಯಲಿ, ಒಬ್ಬರು ಬಂದ ದಾರಿಯಲ್ಲೇ ಹಿಂದಿರುಗಿ ಸಹಾಯ ತರಲಿ. ಅಡ್ಡದಾರಿ ಹುಡುಕಿ ಹಳ್ಳಕ್ಕೆ ಇಳಿಯಬೇಡಿ.

8. ಓಟ ಬಿಟ್ಟರೆ ಹೇಳಿ ಹೋಗಿ

ಸುಸ್ತಾಗಿ ಅರ್ಧಕ್ಕೆ ನಿಲ್ಲಿಸಿ, ಯಾರದೋ ಬೈಕ್ ಹತ್ತಿ ಮನೆಗೆ ಹೋಗಿಬಿಡುವವರಿದ್ದಾರೆ. ಅವರು ಮನೆಯಲ್ಲಿ ಉಂಡು ಮಲಗಿರುವಾಗ ಇಲ್ಲಿ ಟಾರ್ಚ್ ಹಿಡಿದವರು ಅವರನ್ನೇ ಹುಡುಕುತ್ತಿರುತ್ತಾರೆ. ಫೋನಿನಿಂದ ಆಗುವ ಅತಿ ಸುಲಭದ ಉಪಕಾರ ಇದು: ಆಯೋಜಕರಿಗೆ ನಿಮ್ಮ ಓಟದ ನಂಬರ್ ಹೇಳಿ, 'ಓಟ ಬಿಟ್ಟಿದ್ದೇನೆ' ಎಂದು ತಿಳಿಸುವುದು.

9. ಆಯೋಜಕರು ಮಾಡಬೇಕಾದ್ದು

'ಎಲ್ಲರ ಹತ್ತಿರ ಫೋನ್ ಇದೆಯಲ್ಲ' ಎಂದು ಕೈಕಟ್ಟಿ ಕೂರುವಂತಿಲ್ಲ. ಹೊರಟವರನ್ನು, ದಾರಿಯ ಪ್ರತಿ ತಪಾಸಣಾ ಕೇಂದ್ರ ದಾಟಿದವರನ್ನು, ಮುಗಿಸಿದವರನ್ನು ಹೆಸರು ಹಿಡಿದು ಎಣಿಸಬೇಕು. ಕಟ್ಟಕಡೆಯ ಓಟಗಾರನ ಹಿಂದೆ ಇಬ್ಬರು ಬರಬೇಕು. ಸಿಗ್ನಲ್ ಇಲ್ಲದ ಕಡೆ ವಾಕಿಟಾಕಿ ಕೊಡಬೇಕು, ಹ್ಯಾಮ್ ರೇಡಿಯೊ ಹವ್ಯಾಸಿಗಳ ನೆರವು ಕೇಳಬಹುದು. ಪೊಲೀಸ್ ಠಾಣೆ, ಅರಣ್ಯ ಇಲಾಖೆ, ತಾಲ್ಲೂಕು ಆಸ್ಪತ್ರೆಗೆ ಮೊದಲೇ ತಿಳಿಸಿ, ಬೆಳಕು ಹರಿದ ಮೇಲೆ ಓಟ ಶುರುಮಾಡಬೇಕು. ತುರ್ತು ನಂಬರ್ ಎತ್ತಲು ಒಬ್ಬರನ್ನು ಅದಕ್ಕೆಂದೇ ಕೂರಿಸಬೇಕು. ವೇದಿಕೆಯ ಮೈಕಿನ ಪಕ್ಕ ನಿಂತವರಿಗೆ ರಿಂಗ್ ಕೇಳಿಸುವುದಿಲ್ಲ.

ಹೊರಡುವ ಮುನ್ನ ನೋಡಿಕೊಳ್ಳಿ

• ಫೋನ್: ಪೂರ್ತಿ ಚಾರ್ಜ್, ಜಿಪ್ ಕವರ್, ಸೊಂಟದ ಬೆಲ್ಟ್
• ಲಾಕ್ ಸ್ಕ್ರೀನಿನಲ್ಲಿ ರಕ್ತದ ಗುಂಪು, ಮನೆಯವರ ನಂಬರ್
• ಓಟದ ಚೀಟಿಯ ಹಿಂದೆ ಆಯೋಜಕರ ನಂಬರ್
• ಸೀಟಿ, ನೀರು, ಒಂದು ತುಂಡು ಬೆಲ್ಲ ಅಥವಾ ಕಡಲೆ ಚಿಕ್ಕಿ, ಮಳೆಗಾಲವಾದರೆ ತೆಳು ಜಾಕೆಟ್
• ತುರ್ತು ಸಹಾಯಕ್ಕೆ 112, ಆಂಬುಲೆನ್ಸ್‌ಗೆ 108, ಕಾಡುಪ್ರಾಣಿ ಕಂಡರೆ ಅರಣ್ಯ ಇಲಾಖೆಯ 1926
• ಮರಳುವ ಹೊತ್ತು ಮನೆಯಲ್ಲಿ ಹೇಳಿದ್ದೀರಾ? ಆ ಹೊತ್ತು ಮೀರಿದರೆ ಯಾರಿಗೆ ಕರೆ ಮಾಡಬೇಕೆಂದು ಅವರಿಗೂ ತಿಳಿಸಿದ್ದೀರಾ?